ಶೇಕಡಾ ಅರ್ಧದೊಳಗಿನ ಕಬ್ಬಿಣ

ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಟೆಲ್ಕೋ ರಸ್ತೆಯಿಂದ ಒಳಗೆ ತಿರುಗಿದರೆ ಸಾಲಾಗಿ ಸಿಗುವ ಫೌಂಡ್ರಿಗಳಲ್ಲಿ ಒಂದು; ಇಲ್ಲಿ ಎರಕ ಹೊಯ್ಯುವುದು ಅಲ್ಯೂಮಿನಿಯಂ. ಭಟ್ಟಿ ನೋಡಿಕೊಳ್ಳುವವರು ಕಲಬುರಗಿ ಜಿಲ್ಲೆಯ ಆಳಂದ ಕಡೆಯವರು. ಲ್ಯಾಬಿನಾಕೆ ಬೆಳಗಾವಿಯವಳು, ಲೋಹಶಾಸ್ತ್ರ ಓದಿ ಬಂದವಳು. ಕಾರ್ಖಾನೆಯ ಮಾತು ಮರಾಠಿ, ಹಿಂದಿ. ಇಬ್ಬರೇ ಇದ್ದಾಗ ಅವರವರ ಊರಿನ ಕನ್ನಡ.

ಭಟ್ಟಿಯವರು: ಮತ್ತ ಪೀಸ್ ವಾಪಸ್ ಬಂದಾವ ನೋಡವ್ವ. ಲೀಕ್ ಟೆಸ್ಟಿನ್ಯಾಗ ಎಲ್ಲಾ ಒಂದೇ ಜಾಗಾದಾಗ ಗುಳ್ಳಿ ಬಿಡ್ತಾವ. ದಪ್ಪ ಉಬ್ಬು ಅದಲ್ಲ, ಬಾಸ್, ಅದರ ಬುಡಕ್ಕ. ನಿನ್ನ ಸ್ಪೆಕ್ಟ್ರೋಮೀಟರ್ ಏನಂತದ?

ಲ್ಯಾಬಿನಾಕೆ: ಸ್ಪೆಕ್ಟ್ರೋ ಎಲ್ಲಾ ಬರೋಬರಿ ಐತಿ ಅಂತೈತಿ ಕಾಕಾ. ಎಲ್‌ಎಂ25 ಮಿಶ್ರಲೋಹದಾಗ ಕಬ್ಬಿಣದ ಮಿತಿ ಶೇ. 0.50. ನಮ್ಮದು 0.48. ಕಾಗದದ ಮ್ಯಾಲ ಪಾಸ್.

ಭಟ್ಟಿಯವರು: ಹಾಂಗಿದ್ರ ಗ್ಯಾಸೇ ಇರಬೇಕು. ಡಿಗ್ಯಾಸಿಂಗ್ ಅರ್ಧಮರ್ಧ ಮಾಡ್ಯಾರ ಅಂತ ನನ್ನ ಹುಡುಗರನ್ನೇ ಕೇಳಬೇಕಾಗ್ತದ.

ಲ್ಯಾಬಿನಾಕೆ: ಅವರನ್ನ ಬೈಬ್ಯಾಡ್ರಿ. ಗ್ಯಾಸಿನ ತೂತು ದುಂಡಗ ಇರತಾವು, ಒಳಗಿನ ಗ್ವಾಡಿ ನುಣ್ಣಗ. ಇವು ಹಂಗಿಲ್ಲ, ಮೂಲಿ ಮೂಲಿ ಅದಾವು. ಲೋಹ ಗಟ್ಟಿಯಾಗಿ ಕುಗ್ಗೂ ಹೊತ್ತಿಗೆ ಹಿಂದಿನಿಂದ ದ್ರವ ಬಂದು ತುಂಬಬೇಕಿತ್ತು, ಬಂದಿಲ್ಲ. ಏನೋ ದಾರಿಗೆ ಅಡ್ಡ ನಿಂತೈತಿ. ಬರ್ರಿ, ತೋರಸ್ತೀನಿ.

ಬಾಸ್‌ನ ಬುಡದಿಂದ ಕೊಯ್ದು, ಎಮರಿ ಕಾಗದದ ಮೇಲೆ ಒರಟಿನಿಂದ ನಯದವರೆಗೆ ತಿಕ್ಕಿ, ಕೊನೆಗೆ ಬಟ್ಟೆಯ ಮೇಲೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ ತುಂಡು. 200 ಪಟ್ಟು ದೊಡ್ಡದಾಗಿ ನೋಡಿದರೆ ಬೆಳ್ಳಗೆ ಟಿಸಿಲೊಡೆದಿರುವುದು ಅಲ್ಯೂಮಿನಿಯಂ. ಟಿಸಿಲುಗಳ ಸಂದಿಯಲ್ಲಿ ಕಡುಬೂದು ಬಣ್ಣದ ಸಿಲಿಕಾನ್ ಕಣಗಳು. ಅವುಗಳನ್ನು ಸೀಳಿಕೊಂಡು, ಸಿಲಿಕಾನ್‌ಗಿಂತ ತುಸು ತಿಳಿಯಾದ ಬೂದಿನಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾದ ಉದ್ದನೆಯ ಸೂಜಿಗಳು. ಒಂದೆರಡು ಕಡೆ ಸೂಜಿಗೆ ಸೂಜಿ ತಾಗಿ ಮೂಲೆಯಾಗಿದೆ. ಕಪ್ಪು ತೂತು ಇರುವುದು ಆ ಮೂಲೆಯಲ್ಲೇ. ಫೌಂಡ್ರಿಯಲ್ಲಿ ಇಡೀ ಆಯುಷ್ಯ ಕಳೆದವರಿಗೂ ಈ ನೋಟ ಸಿಕ್ಕಿರುವುದಿಲ್ಲ. ಲ್ಯಾಬಿನ ಬಾಗಿಲಿಗೂ ಭಟ್ಟಿಗೂ ನಡುವೆ ನಾಲ್ಕು ಹೆಜ್ಜೆ ಇದ್ದರೂ ಇತ್ತಲಿನವರನ್ನು ಅತ್ತ ಕರೆಯುವ ರೂಢಿ ನಮ್ಮ ಕಾರ್ಖಾನೆಗಳಲ್ಲಿ ಇಲ್ಲ. ಇರಬೇಕು.

ಭಟ್ಟಿಯವರು: ಈ ಸೂಜಿ ಏನವ?

ಲ್ಯಾಬಿನಾಕೆ: ಅಲ್ಯೂಮಿನಿಯಂ, ಕಬ್ಬಿಣ, ಸಿಲಿಕಾನ್ ಮೂರೂ ಕೂಡಿ ಕಟ್ಟಿದ ಸಂಯುಕ್ತ. ಬೀಟಾ ಅಂತಾರ. ಒಂದು ಕಬ್ಬಿಣದ ಪರಮಾಣು, ಒಂದು ಸಿಲಿಕಾನ್ ಪರಮಾಣು, ಸುಮಾರು ಐದು ಅಲ್ಯೂಮಿನಿಯಂ ಪರಮಾಣು, ಈ ಲೆಕ್ಕದಾಗ ಇರತೈತಿ. ನಾವು ಕೊಯ್ದು ನೋಡಿದ್ದಕ್ಕ ಬರೀ ಅಂಚು ಕಾಣಾಕತ್ತೈತಿ, ಅದಕ್ಕ ಸೂಜಿ ಅನಸತೈತಿ. ಖರೇ ಅಂದ್ರ ಅವು ತೆಳ್ಳನ ತಗಡು. ತಗಡಿನಷ್ಟ ಅಗಲ, ಆದ್ರ ಬಗ್ಗೂದಿಲ್ಲ. ಒತ್ತಿದ್ರ ಪಟಕ್ಕನ ಒಡಿತೈತಿ. ದ್ರವ ಹರಿಯೂ ಸಂದಿಗೆ ಇಂಥಾ ತಗಡು ಅಡ್ಡ ನಿಂತ್ರ ಆಚೀಗಿ ಜಾಗಾ ಖಾಲಿ ಉಳಿತೈತಿ. ಅದ ನಿಮ್ಮ ಗುಳ್ಳಿ.

ಭಟ್ಟಿಯವರು: ಒಂದು ಮಾತು ನನಗ ತಿಳಿವಲ್ದು. ನನ್ನ ಭಟ್ಟಿ ಇರೋದು 720 ಡಿಗ್ರಿ ಆಸುಪಾಸು. ಕಬ್ಬಿಣ ಕರಗಬೇಕಂದ್ರ 1538 ಬೇಕು. ಅದು ಒಳಗ ಹ್ಯಾಂಗ ಹೊಕ್ಕದ?

ಲ್ಯಾಬಿನಾಕೆ: ಸಕ್ಕರಿ ಬರೇ ಪಾತ್ರ್ಯಾಗ ಕರಗಬೇಕಂದ್ರ 180 ಡಿಗ್ರಿ ದಾಟಬೇಕು. ಚಹಾ ಕುದಿಯೂದು 100ರ ಹತ್ರ. ಆದ್ರೂ ಚಹಾದಾಗ ಸಕ್ಕರಿ ಉಳಿತೈತೇನ್ರಿ? ದ್ರವ ಅಲ್ಯೂಮಿನಿಯಂ ಹಂಗ ಕಬ್ಬಿಣಾನ ತಿಂತೈತಿ. 700 ಡಿಗ್ರಿಯೊಳಗ ಶೇ. 2.5ರ ತನಕಾ, 800 ಆದ್ರ ಸುಮಾರು ಶೇ. 5ರ ತನಕಾ ತನ್ನೊಳಗ ಇಟ್ಟುಕೊಳ್ಳಾಕ ಬರತೈತಿ. ತೊಂದ್ರಿ ಬರೂದು ಗಟ್ಟಿಯಾಗೂ ಹೊತ್ತಿಗೆ. ಗಟ್ಟಿ ಅಲ್ಯೂಮಿನಿಯಮ್ಮಿನಾಗ ಭಾಳ ಅಂದ್ರ ಶೇ. 0.05 ಕಬ್ಬಿಣಕ್ಕ ಜಾಗಾ. ಉಳದದ್ದು ಹೊರಗ ಬರಲೇಬೇಕು. ಬರೂ ಮುಂದ ಒಂದ ಬರೂದಿಲ್ಲ. ಅಲ್ಯೂಮಿನಿಯಂ, ಸಿಲಿಕಾನ್ ಎರಡನ್ನೂ ಕೂಡಿಸಿಕೊಂಡು ಸಂಯುಕ್ತ ಕಟ್ಟಿಕೊಂಡ ಬರತೈತಿ.

ಭಟ್ಟಿಯವರು: ನೀ ಹೇಳಿದ್ದೇ ಹಿಡಿದು ಕೇಳ್ತೀನಿ. ಜಾಗಾ ಇರೋದು 0.05ಕ್ಕ. ಮೊದಲು ನಮ್ಮ ಲೋಹದಾಗ 0.40 ಇದ್ದಾಗೂ ಅದರ ಎಂಟು ಪಟ್ಟು ಇತ್ತು. ಆವಾಗ ಸೋರಿಲ್ಲ. ಈಗ 0.48ಕ್ಕ ಸೋರ್ಲಿಕತ್ತದ. ಅಷ್ಟರಾಗ ಏನ್ ಆತು?

ಲ್ಯಾಬಿನಾಕೆ: ಇದ ನೋಡ್ರಿ ಕೇಳಬೇಕಾದ ಪ್ರಶ್ನೆ. ಎಷ್ಟು ತಗಡು ಹುಟ್ಟತಾವು ಅನ್ನೂದಕ್ಕಿಂತ ಯಾವಾಗ ಹುಟ್ಟತಾವು ಅನ್ನೂದು ದೊಡ್ಡದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಾಗ ಜಾನ್ ಟೇಲರ್ ಅನ್ನಾವ್ರು ಇದರ ಮ್ಯಾಲ ಭಾಳ ಕೆಲಸ ಮಾಡ್ಯಾರ. ಅವರ ಲೆಕ್ಕ ಇಷ್ಟ: ಸಿಲಿಕಾನಿನ ಶೇಕಡಾವಾರಕ್ಕ 0.075 ಗುಣಿಸಿ, 0.05 ಕಳೀಬೇಕು. ನಮ್ಮದು 7 ಸಿಲಿಕಾನ್. 0.525ರೊಳಗ 0.05 ಹೋತು, 0.475 ಬಂತು. ಕಬ್ಬಿಣ ಇದಕ್ಕಿಂತ ಕೆಳಗಿದ್ರ ಬೀಟಾ ಹುಟ್ಟೂದು ಕೊನೀಗೆ, 575 ಡಿಗ್ರಿ ಹತ್ರ, ಸಿಲಿಕಾನ್ ಹುಟ್ಟೂ ಹೊತ್ತಿಗೇ. ಸುತ್ತಲೂ ಎಲ್ಲಾ ಗಟ್ಟಿಯಾಗಾಕತ್ತಿರತೈತಿ, ಬೆಳಿಯಾಕ ಜಾಗಾನೂ ಇಲ್ಲ, ಹೊತ್ತೂ ಇಲ್ಲ. ಸಣ್ಣವಾಗಿ ಉಳಿತಾವು. 0.475 ದಾಟ್ತು ಅಂದ್ರ ಸಿಲಿಕಾನಿಗಿಂತ ಮೊದಲ ಹುಟ್ಟತಾವು. ಆವಾಗಿನ್ನೂ ಸುತ್ತ ದ್ರವ. ಬೇಕಾದಷ್ಟು ಬೆಳೀತಾವು.

ಭಟ್ಟಿಯವರು: ಅಂದ್ರ ಕಾಗದದ ಮಿತಿ 0.50, ಖರೆ ಮಿತಿ 0.475.

ಲ್ಯಾಬಿನಾಕೆ: ನಮ್ಮ ಬಾಸ್ ಇರೂ ಪೀಸಿಗೆ ಹಂಗ. ಕಾಗದ ಎಷ್ಟು ಐತಿ ಅಂತ ಅಷ್ಟ ಹೇಳತೈತಿ. ಯಾವ ಆಕಾರದಾಗ ಐತಿ ಅಂತ ಹೇಳೂದಿಲ್ಲ. ಸೋರೂದು ಆಕಾರದಿಂದ. ತೆಳು ಗ್ವಾಡಿ ನೋಡ್ರಿ, ಅದ ಲೋಹ, ಅದ 0.48, ಅಲ್ಲಿ ಸೋರೂದಿಲ್ಲ. ಯಾಕಂದ್ರ ಅದು ಲಗೂನ ಆರತೈತಿ, ತಗಡಿಗೆ ಬೆಳಿಯಾಕ ಟೈಮ್ ಸಿಗೂದಿಲ್ಲ. ಬಾಸ್ ಸಾವಕಾಶ ಆರತೈತಿ.

ಭಟ್ಟಿಯವರು: ಅಲ್ಲಿ ಲಗೂ ಆರ್ಲಿ, ಡೈಗೆ ತಾಂಬ್ರದ ಚಿಲ್ ಹಾಕ್ರಿ ಅಂತ ನಾ ಡೈ ಮಾಡಿದಾಗೇ ಹೇಳಿದ್ದೆ.

ಲ್ಯಾಬಿನಾಕೆ: ಹೇಳಿದ್ದು ಬರೋಬರಿ ಇತ್ತು. ಆದ್ರ ಈ 0.48 ಬಂದದ್ದು ಎಲ್ಲಿಂದ? ನನಗ ಇಂಗಟ್ ಕೊಟ್ಟಾವನ ಮ್ಯಾಲ ಸಂಶೆ ಐತಿ. ಸರ್ಟಿಫಿಕೇಟ್‌ದಾಗ 0.38 ಅಂತ ಬರದಾನ.

ಭಟ್ಟಿಯವರು: ಇಂಗಟ್ ನೀನೇ ಚೆಕ್ ಮಾಡಿದ್ಯಲ್ಲ. ಎಷ್ಟು ಬಂತು?

ಲ್ಯಾಬಿನಾಕೆ: 0.39.

ಭಟ್ಟಿಯವರು: ಹಾಂಗಿದ್ರ ಅವನಿಗ್ಯಾಕ ದೋಷ ಹಚ್ತಿ? ಉಳಿದ 0.09 ನಾವೇ ಹಾಕೀವಿ. ಇಲ್ಲಿ ಬಾ, ಈ ಲ್ಯಾಡಲ್ ನೋಡು. ಬಾಯಿ ಕಡಿ ಬೆರಳಾಡಿಸು. ಹೊಸದಿದ್ದಾಗ ಇದು ಒಂದೇ ಸಮ ದಪ್ಪ ಇತ್ತು. ಈಗ ಅಂಚು ಕೈ ಕೊಯ್ಯೋ ಹಾಂಗ ಆಗ್ಯದ. ಹೋದ ಉಕ್ಕು ಎಲ್ಲಿ ಹೋತು? ಕೋಟಿಂಗ್ ಪಾಳಿಗೊಮ್ಮಿ ಹಚ್ಚಬೇಕು, ಒಣಗಿಸಿ ಕಾಯಿಸಬೇಕು, ಆಮ್ಯಾಲ ಮುಳುಗಿಸಬೇಕು. ಪ್ರೊಡಕ್ಷನ್ ಪ್ರೊಡಕ್ಷನ್ ಅಂತ ಮ್ಯಾಲಿನವರು ಬೆನ್ನು ಹತ್ತಿದ್ರ ಮೊದಲು ಬಿಟ್ಟುಹೋಗೋದು ಇದೇ ಕೆಲಸ. ಅವಸರಕ್ಕ ಭಟ್ಟಿ 760ಕ್ಕ ಏರಿಸ್ತಾರ. ನೀ ಈಗ ಹೇಳಿದ್ಯಲ್ಲ, ಕಾವು ಏರಿದಷ್ಟು ಹೆಚ್ಚು ತಿಂತದ ಅಂತ.

ಲ್ಯಾಬಿನಾಕೆ: ಕ್ರುಸಿಬಲ್ ಸಿಲಿಕಾನ್ ಕಾರ್ಬೈಡಿಂದು, ಅದರಿಂದ ಬರೂದಿಲ್ಲ. ಲ್ಯಾಡಲ್, ಡ್ರಾಸ್ ತೆಗಿಯೂ ಸೌಟು, ಪ್ಲಂಜರ್, ಥರ್ಮೋಕಪಲ್ಲಿನ ಪೈಪ್, ಇಷ್ಟ.

ಭಟ್ಟಿಯವರು: ಇನ್ನೊಂದು ಅದ. ಸೋರಿದ ಪೀಸ್ ಎಲ್ಲಿ ಹೋಗ್ತದ? ತಿರುಗಿ ಭಟ್ಟಿಗೇ. ಅದರಾಗ ಉಕ್ಕಿನ ಬುಶ್ ಕೂಡಿಸಿರ್ತಾರ. ಪ್ರೆಸ್ಸಿನ ಮ್ಯಾಲ ಇಟ್ಟು ಬುಶ್ ತೆಗೆದು ಹಾಕಬೇಕು. ರಾತ್ರಿ ಪಾಳ್ಯಾಗ ಯಾರು ತೆಗಿತಾರ? ಇದ್ದಾಂಗೇ ಒಗೀತಾರ.

ಲ್ಯಾಬಿನಾಕೆ: ಬುಶ್ ತೂಕ ಎಷ್ಟು?

ಭಟ್ಟಿಯವರು: 120, 125 ಗ್ರಾಂ.

ಲ್ಯಾಬಿನಾಕೆ: ಕ್ರುಸಿಬಲ್ 250 ಕೆಜಿ. 125 ಗ್ರಾಂ ಪೂರಾ ಕರಗಿದ್ರ ಶೇ. 0.05 ಏರತೈತಿ. ಒಂದ ಬುಶ್! ಅಂದ್ರ ಸೋರಿದ ಪೀಸಿನಿಂದ ಕಬ್ಬಿಣ ಏರತೈತಿ, ಕಬ್ಬಿಣ ಏರಿದ್ದಕ್ಕ ಮತ್ತ ಸೋರತಾವು.

ಭಟ್ಟಿಯವರು: ಹೊಕ್ಕದ್ದು ಹೊಕ್ಕದ. ಈಗ ತೆಗಿಯೋದು ಹ್ಯಾಂಗ ಹೇಳು. ಫ್ಲಕ್ಸ್ ಹಾಕಿ ಡ್ರಾಸ್ ತೆಗಿತೀವಿ, ಗ್ಯಾಸ್ ತೆಗಿತೀವಿ. ಉಕ್ಕಿನ ಕಾರ್ಖಾನ್ಯಾಗ ಆಕ್ಸಿಜನ್ ಊದಿ ಕಾರ್ಬನ್, ಸಿಲಿಕಾನ್ ಎಲ್ಲಾ ಸುಟ್ಟು ಹೊರಗ ಹಾಕ್ತಾರಲ್ಲ, ಹಾಂಗ ಕಬ್ಬಿಣ ಸುಡಾಕ ಬರಲ್ಲೇನು?

ಲ್ಯಾಬಿನಾಕೆ: ಬರೂದಿಲ್ಲ ಕಾಕಾ. ಆಕ್ಸಿಜನ್ ಮೊದಲು ಹಿಡಿಯೂದು ತನ್ನ ಮ್ಯಾಲ ಹೆಚ್ಚು ಸೆಳೆತ ಇರೂದನ್ನ. ಉಕ್ಕಿನಾಗ ಕಾರ್ಬನ್, ಸಿಲಿಕಾನ್ ಮೊದಲು ಸುಡತಾವು, ಕಬ್ಬಿಣ ಉಳಿತೈತಿ. ಅದಕ್ಕ ಆ ಉಪಾಯ ನಡೀತೈತಿ. ಇಲ್ಲಿ ಊದಿದ್ರ ಆಕ್ಸಿಜನ್ ಹೋಗಿ ಅಲ್ಯೂಮಿನಿಯಮ್ಮನ್ನ ಹಿಡೀತೈತಿ. ಇಡೀ ಭಟ್ಟಿ ಸುಟ್ಟು ಡ್ರಾಸ್ ಆದ್ರೂ ಕಬ್ಬಿಣ ಇದ್ದಲ್ಲೇ ಇರತೈತಿ. ಕ್ಲೋರಿನ್ ಬಿಟ್ರೂ ಅದ ಕಥಿ: ಮೊದಲು ಮೆಗ್ನೀಸಿಯಂ ಹೋಗತೈತಿ, ಆಮ್ಯಾಲ ಅಲ್ಯೂಮಿನಿಯಂ. ಕಬ್ಬಿಣದ ಪಾಳಿ ಬರೂದ ಇಲ್ಲ.

ಭಟ್ಟಿಯವರು: ಹಾಂಗಿದ್ರ ಮೊದಲಿಗೆ, ಅದಿರಿನಾಗಿಂದ ಹ್ಯಾಂಗ ತೆಗಿತಾರ? ಬಾಕ್ಸೈಟ್ ಅಂದ್ರ ಕೆಂಪು ಮಣ್ಣು. ಆ ಕೆಂಪು ಅಂದ್ರೇ ಕಬ್ಬಿಣ.

ಲ್ಯಾಬಿನಾಕೆ: ಅದು ನಮ್ಮೂರಿನ ಕಥಿ. ಬೆಳಗಾವಿ ಯಮನಾಪುರದಾಗ ಹಿಂಡಾಲ್ಕೋದ ಅಲ್ಯೂಮಿನಾ ಕಾರ್ಖಾನೆ ಐತಿ. ಮೊದಲು ಇಂಡಾಲ್ ಅಂತಿದ್ರು. ಕೊಲ್ಹಾಪುರ ಜಿಲ್ಲೆ ದುರ್ಗಮಾನವಾಡಿ ಗಣಿಯಿಂದ ಅಲ್ಲಿಗೆ ಬಾಕ್ಸೈಟ್ ಬಂದೈತಿ. ಅದನ್ನ ಅರದು ಬಿಸಿ ಕಾಸ್ಟಿಕ್ ಸೋಡಾದಾಗ ಹಾಕತಾರ. ಅಲ್ಯೂಮಿನಾ ಕರಗತೈತಿ, ಕಬ್ಬಿಣದ ಆಕ್ಸೈಡ್ ಕರಗೂದಿಲ್ಲ, ಕೆಂಪು ರಾಡಿಯಾಗಿ ಕೆಳಗ ಕೂಡತೈತಿ. ಸೋಸಿ ಬ್ಯಾರೆ ಮಾಡತಾರ. ಬೇಯರ್ ಅನ್ನಾವ್ರು 19ನೇ ಶತಮಾನದ ಕೊನೀಗೆ ಕಂಡುಹಿಡಿದ ವಿಧಾನ, ಇವತ್ತಿಗೂ ಅದ ನಡದೈತಿ. ಅಲ್ಲಿ ಕಬ್ಬಿಣ ಆಕ್ಸೈಡ್ ಆಗಿ ಇರತೈತಿ, ಅದಕ್ಕ ಬಿಡಸಾಕ ಬರತೈತಿ. ಒಮ್ಮಿ ಲೋಹ ಆಗಿ, ಆ ಲೋಹದಾಗ ಕಬ್ಬಿಣ ಕೂಡ್ತು ಅಂದ್ರ ಬಿಡಸೂ ದಾರಿ ಭಟ್ಟ್ಯಾಗ ಇಲ್ಲ. ಅಷ್ಟು ಜೋಪಾನ ಮಾಡಿ ಸ್ಮೆಲ್ಟರಿನಿಂದ ಬರೂ ಪಿ1020 ಇಂಗಟ್ಟಿನಾಗೂ ಶೇ. 0.20ರ ತನಕಾ ಕಬ್ಬಿಣಕ್ಕ ಅವಕಾಶ ಐತಿ. ಅತೀ ಶುದ್ಧ ಲೋಹ ಬೇಕಂದ್ರ ಮತ್ತೊಮ್ಮಿ ಎಲೆಕ್ಟ್ರಾಲಿಸಿಸ್‌ನಂಥ ಶುದ್ಧೀಕರಣ ಮಾಡಬೇಕು. ಆ ಖರ್ಚು ನಮ್ಮಂಥವ್ರಿಗೆ ನೀಗೂದಿಲ್ಲ.

ಭಟ್ಟಿಯವರು: ತೆಗಿಯಾಕ ಬರಲ್ಲ ಅಂದಮ್ಯಾಲ ಅದರ ಕೂಡ ಬಾಳೇ ಮಾಡಬೇಕು.

ಲ್ಯಾಬಿನಾಕೆ: ಹೌದ್ರಿ. ಅದರ ಆಕಾರ ಬದಲಿ ಮಾಡಾಕ ಬರತೈತಿ. ಮ್ಯಾಂಗನೀಸ್ ಹಾಕಿದ್ರ ಕಬ್ಬಿಣ ಅದರ ಕೂಡ ಸೇರಿ ಬ್ಯಾರೆ ಸಂಯುಕ್ತ ಕಟ್ಟತೈತಿ, ಆಲ್ಫಾ ಅಂತಾರ. ಅದು ತಗಡಲ್ಲ. ಮೈಕ್ರೋಸ್ಕೋಪಿನಾಗ ಸೊಟ್ಟ ಸೊಟ್ಟ ಕವಲಾಗಿ ಕಾಣತೈತಿ. ಪುಸ್ತಕದಾಗ ಚೀನಿ ಅಕ್ಷರ ಅಂತ ಬರದಿರತಾರ. ದ್ರವ ಅದರ ಸುತ್ತ ಬಳಸಿಕೊಂಡು ಹೋಗತೈತಿ, ಬಿರುಕೂ ಲಗೂ ಬೀಳೂದಿಲ್ಲ. ಕಬ್ಬಿಣದ ಅರ್ಧದಷ್ಟು ಮ್ಯಾಂಗನೀಸ್ ಅಂತ ರೂಢಿಯ ಲೆಕ್ಕ. ನಮಗ 0.24. ಎಲ್‌ಎಂ25ದಾಗ 0.30ರ ತನಕಾ ನಡೀತೈತಿ. ಹಾಕೂಣೇನು?

ಭಟ್ಟಿಯವರು: ನಿಲ್ಲವ್ವ, ಅವಸರ ಬ್ಯಾಡ. ಇಲ್ಲಿ ಬರೋ ಮೊದಲು ನಾ ಪಿಡಿಸಿ, ಅಂದ್ರ ಪ್ರೆಶರ್ ಡೈ ಕಾಸ್ಟಿಂಗ್ ಶಾಪಿನ್ಯಾಗ ಇದ್ದೆ. ಎಡಿಸಿ12 ಮಿಶ್ರಲೋಹ ಹಾಕ್ತಿದ್ವಿ. ಭಟ್ಟಿ ಬುಡಕ್ಕ ಗರಸಿನಂಥ ರಾಡಿ ಕೂಡ್ತಿತ್ತು, ಸ್ಲಜ್ ಅಂತಿದ್ರು. ಹೋಲ್ಡಿಂಗ್ ಭಟ್ಟಿ ಕಾವು ಇಳಿದ ದಿನ ಹೆಚ್ಚು. ಲ್ಯಾಡಲ್ ಬುಡಕ್ಕ ತಾಗಿ ಅದು ಪೀಸಿನ್ಯಾಗ ಹೋತು ಅಂದ್ರ ಮಷಿನ್ ಶಾಪಿನವರು ಬಡದಾಡಾಕ ಬರ್ತಿದ್ರು. ಡ್ರಿಲ್ಲು, ಟ್ಯಾಪು ಪಟಪಟ ಮುರಿಯೋವು. ಅದೂ ಮ್ಯಾಂಗನೀಸಿಂದೇ ಅಂತ ಹೇಳ್ತಿದ್ರು.

ಲ್ಯಾಬಿನಾಕೆ: ಖರೇ ಹೇಳ್ಯಾರ. ಅದು ಆಲ್ಫಾನ, ಭಟ್ಟ್ಯಾಗ, ಲೋಹ ಇನ್ನೂ ದ್ರವ ಇದ್ದಾಗನ ಹುಟ್ಟಿದ್ದು. ದ್ರವಕ್ಕಿಂತ ಭಾರ, ಅದಕ್ಕ ಬುಡಕ್ಕ ಕೂಡತೈತಿ. ಭಾಳ ಗಡಸು. ಅದಕ್ಕೂ ಒಂದು ಲೆಕ್ಕ ಐತಿ: ಕಬ್ಬಿಣ ಒಂದು ಪಟ್ಟು, ಮ್ಯಾಂಗನೀಸ್ ಎರಡು ಪಟ್ಟು, ಕ್ರೋಮಿಯಂ ಮೂರು ಪಟ್ಟು, ಮೂರೂ ಕೂಡಿಸಬೇಕು. ನಿಮ್ಮ ಎಡಿಸಿ12ದಾಗ ಕಬ್ಬಿಣ 1.0, ಮ್ಯಾಂಗನೀಸ್ 0.3, ಕ್ರೋಮಿಯಂ 0.1 ಇತ್ತು ಅಂತ ಹಿಡೀರಿ. 1.0, 0.6, 0.3. ಒಟ್ಟು 1.9. ಭಟ್ಟಿ 650 ಡಿಗ್ರಿ ಆಸುಪಾಸು ಇದ್ರ 1.8 ದಾಟಬಾರದು ಅಂತಾರ. ನಮ್ಮದು 0.48, ಅದರ ಮ್ಯಾಲ 0.24ರ ಎರಡು ಪಟ್ಟು, 0.96 ಆತು. ನಮ್ಮ ಭಟ್ಟಿ 700ರ ಮ್ಯಾಲ. ಸ್ಲಜ್ಜಿನ ಅಂಜಿಕಿ ಇಲ್ಲ.

ಭಟ್ಟಿಯವರು: ಆ ಪಿಡಿಸಿಯಾಗ ಮತ್ತೊಂದು ವಿಚಿತ್ರ. ಕಬ್ಬಿಣ 0.6ಕ್ಕ ಇಳಿತು ಅಂದ್ರ ಸುಪರ್‌ವೈಜರ್ ಗಾಬ್ರಿ ಆಗ್ತಿದ್ದ. ಪೀಸ್ ಡೈಗೆ ಮೆತ್ತಿಕೊಂಡುಬಿಡ್ತಿತ್ತು, ಇಜೆಕ್ಟರ್ ಪಿನ್ ಒತ್ತಿದ್ರೂ ಬರೋದಲ್ಲ. ಇಲ್ಲಿ ಬ್ಯಾಡ ಅನ್ನೋದು ಅಲ್ಲಿ ಬೇಕು.

ಲ್ಯಾಬಿನಾಕೆ: ಡೈ ಉಕ್ಕಿಂದು ಐತಲ್ರಿ, ಎಚ್13. ಕಬ್ಬಿಣ ಕಡಿಮಿ ಇದ್ದ ಅಲ್ಯೂಮಿನಿಯಂ ಆ ಡೈನ ಮೈಯಿಂದ ಕಬ್ಬಿಣ ತಿಂತೈತಿ, ತಿಂದಲ್ಲೇ ಸಂಯುಕ್ತ ಕಟ್ಟಿ ಅಂಟಿಕೊಳ್ಳತೈತಿ. ಮೊದಲ ಶೇ. 0.8, 1 ಇತ್ತಂದ್ರ ಅಷ್ಟು ತಿನ್ನೂದಿಲ್ಲ. ಅಲ್ಲಿ ಗ್ವಾಡಿ ತೆಳು, ಕಣ್ಣು ಮುಚ್ಚಿ ತೆರೆಯೂದ್ರೊಳಗ ಆರತೈತಿ, ತಗಡೂ ಸಣ್ಣವ ಇರತಾವು. ಅದಕ್ಕ ಎಡಿಸಿ12ಕ್ಕ ಮಿತಿ 1.3ರ ತನಕಾ ಇಟ್ಟಾರ. ಬಾಗಬೇಕು, ಒಡೀಬಾರದು ಅನ್ನೂ ಕಾರಿನ ಭಾಗಕ್ಕ ಮಾತ್ರ ಅದು ನಡಿಯೂದಿಲ್ಲ. ಜರ್ಮನಿಯ ರೈನ್‌ಫೆಲ್ಡನ್ ಕಂಪನಿಯವ್ರು ಸಿಲಾಫಾಂಟ್-36 ಅಂತ ಮಾಡಿದ್ರಾಗ ಕಬ್ಬಿಣ 0.15ಕ್ಕ ಇಳಿಸಿ, ಡೈಗೆ ಮೆತ್ತಬಾರದು ಅಂತ ಮ್ಯಾಂಗನೀಸ್ 0.5ರಿಂದ 0.8 ಹಾಕ್ಯಾರ. ಕಬ್ಬಿಣದ ಕೆಲಸ ಮ್ಯಾಂಗನೀಸ್ ಮಾಡತೈತಿ.

ಭಟ್ಟಿಯವರು: ಅಷ್ಟು ಶುದ್ಧ ಲೋಹ ಕೊಳ್ಳಾಕ ಅವರಿಗೆ ರೊಕ್ಕ ಅದ. ನಮ್ಮದು ಸ್ಕ್ರ್ಯಾಪಿನ ಮ್ಯಾಲ ನಡಿಯೋ ಊರು. ಕುದಳವಾಡಿ ಇಲ್ಲೇ ಚಿಖಲಿ ಕಡಿ ಅದಲ್ಲ, ಅಲ್ಲಿ ಸ್ಕ್ರ್ಯಾಪ್ ಗೋದಾಮಿನ್ಯಾಗ ಹೆಣ್ಣುಮಕ್ಕಳು ಕೂತು ಆರಿಸೋದು ನೀ ನೋಡಬೇಕಿತ್ತು. ಎಂಜಿನ್ ಕವರ್ ಕೈಯಾಗ ಹಿಡದು ಒಂದೇ ಏಟಿಗೆ ಬೋಲ್ಟ್ ಹಾರಿಸ್ತಿದ್ರು. ಅಯಸ್ಕಾಂತ ಆಡಿಸಿ ಉಕ್ಕು ತೆಗಿತಿದ್ರು. ಅಯಸ್ಕಾಂತಕ್ಕ ಸಿಗಲಾರದ ಸ್ಟೇನ್‌ಲೆಸ್ ಬೋಲ್ಟನ್ನ ಬಣ್ಣ ನೋಡಿ, ಕೈತೂಕ ನೋಡಿ ಹೇಳ್ತಿದ್ರು. 2025ರ ಫೆಬ್ರುವರಿಯಾಗ ಮಹಾನಗರಪಾಲಿಕೆಯವರು ಆ ಗೋದಾಮೆಲ್ಲ ನೆಲಸಮ ಮಾಡಿದ್ರು. ನನ್ನ ಗುರ್ತಿನವರು ದಿಕ್ಕಿಗೊಬ್ಬರು ಆದ್ರು. ಹೊಗಿ, ಬೆಂಕಿ ಕಾಟ ಇತ್ತು, ಇಲ್ಲ ಅನ್ನಲ್ಲ. ಆದ್ರ ಆ ಆರಿಸೋ ಕೈಗೆ ಎಲ್ಲ್ಯಾರ ಒಂದು ಛಲೋ ಜಾಗಾ ಮಾಡಿಕೊಡಬೇಕಿತ್ತು. ನಿನ್ನ ಇಂಗಟ್ಟಿನ 0.38 ಅವರ ಕೈಯಾಗ ಇತ್ತು.

ಲ್ಯಾಬಿನಾಕೆ: ಹೌದು ಕಾಕಾ. ಬಾಕ್ಸೈಟಿನಿಂದ ಹೊಸಾ ಅಲ್ಯೂಮಿನಿಯಂ ಮಾಡಾಕ ಹಿಡಿಯೂ ಶಕ್ತಿಯೊಳಗ ಶೇ. 5ರ ಸುಮಾರು ಸಾಕು, ಹಳೇದು ಕರಗಿಸಾಕ. ಜಗತ್ತೆಲ್ಲಾ ಸ್ಕ್ರ್ಯಾಪಿನ ಕಡೆ ಹೊಂಟೈತಿ. ಆದ್ರ ಪ್ರತಿ ಸಲ ಕರಗಿಸಿದಾಗ ಒಂದೀಟು ಕಬ್ಬಿಣ ಕೂಡತೈತಿ, ಒಮ್ಮಿ ಕೂಡಿದ್ದು ಕಡಿಮಿ ಆಗೂದಿಲ್ಲ. ಆರಿಸೂ ಕೆಲಸ ಹಗರ ಅಲ್ಲ. ಭಟ್ಟ್ಯಾಗ ಆಗಲಾರದ್ದು ಅಲ್ಲಿ ಅಷ್ಟ ಆಗತೈತಿ.

ಭಟ್ಟಿಯವರು: ಮತ್ತೊಂದು ಕೇಳ್ತೀನಿ. ಲ್ಯಾಡಲ್ ಎತ್ತರದಿಂದ ಸುರುವಬ್ಯಾಡ್ರಿ, ಡೈ ಬಾಯಿಗೆ ಹಚ್ಚಿ ಸಾವಕಾಶ ಬಗ್ಗಿಸ್ರಿ ಅಂತ ನಾ ಹುಡುಗರಿಗೆ ಹೇಳ್ತಾನೇ ಇರ್ತೀನಿ. ದಡದಡ ಸುರಿದ ಪೀಸೇ ಹೆಚ್ಚು ಸೋರ್ತಾವ. ಅದಕ್ಕೂ ಈ ತಗಡಿಗೂ ಸಂಬಂಧ ಅದ ಏನು?

ಲ್ಯಾಬಿನಾಕೆ: ಐತಿ ಅಂತಾರ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಅಂತ ದೊಡ್ಡ ಫೌಂಡ್ರಿ ವಿಜ್ಞಾನಿ. ದ್ರವದ ಮ್ಯಾಲ ಆಕ್ಸೈಡಿನ ಪೊರಿ ಇರತೈತಲ್ಲ, ದಡದಡ ಸುರುವಿದ್ರ ಅದು ಎರಡು ಮಡಚಿ ಒಳಗ ಹೋಗತೈತಿ. ಮಡಚಿದ ನಡುವ ಒಂದಕ್ಕೊಂದು ಅಂಟಿರೂದಿಲ್ಲ, ಅದ ಒಂದು ಬಿರುಕು. ಬೀಟಾ ತಗಡು ಆ ಪೊರಿ ಮ್ಯಾಲ ಹುಟ್ಟಿ ಬೆಳೀತಾವು ಅಂತ ಅವ್ರು ಹೇಳತಾರ. ಎಷ್ಟೋ ತಗಡಿನ ನಟ್ಟನಡುವ ಉದ್ದಕ ಬಿರುಕು ಕಾಣತೈತಿ, ಅದಕ್ಕ ಇದ ಕಾರಣ ಅಂತ ಅವರ ವಾದ. ಎಲ್ಲಾರೂ ಪೂರಾ ಒಪ್ಪಿಲ್ಲ. ನನಗ ನಿಮ್ಮ ಅನುಭವದ ಮಾತು ಕೇಳಿದಮ್ಯಾಲ ಒಪ್ಪಬೇಕು ಅನಸತೈತಿ.

ಭಟ್ಟಿಯವರು: ಆತು. ಈಗ ಭಟ್ಟ್ಯಾಗಿನ ಈ 250 ಕೆಜಿ ಏನ್ ಮಾಡಬೇಕು ಹೇಳು. ಮ್ಯಾಂಗನೀಸೋ, ಹೊಸ ಲೋಹವೋ?

ಲ್ಯಾಬಿನಾಕೆ: ಮ್ಯಾಂಗನೀಸ್ ಹಾಕಿದ್ರ ಆಕಾರ ಸುಧಾರಸತೈತಿ, ಒಟ್ಟು ಸಂಯುಕ್ತ ಇನ್ನೂ ಹೆಚ್ಚಾಗತೈತಿ. ಈ ಪೀಸಿಗೆ ಟಿ6 ಹೀಟ್ ಟ್ರೀಟ್‌ಮೆಂಟ್ ಬ್ಯಾರೆ ಐತಿ. ಕಬ್ಬಿಣ ಹೆಚ್ಚಿದ್ರ ಪೈ ಅನ್ನೂ ಇನ್ನೊಂದು ಸಂಯುಕ್ತ ಕಟ್ಟಿ ಮೆಗ್ನೀಸಿಯಂ ಎಳಕೊಳ್ಳತೈತಿ; ಶಕ್ತಿ ಕೊಡೂ ಮೆಗ್ನೀಸಿಯಮ್ಮ ಕಡಿಮಿ ಬೀಳತೈತಿ. ಅದಕ್ಕ ಮೊದಲು ಕಬ್ಬಿಣ ಇಳಿಸೂಣು. ಶುದ್ಧ ಅಲ್ಯೂಮಿನಿಯಂ ಹಾಕಿದ್ರ ಸಿಲಿಕಾನೂ ಇಳಿತೈತಿ. ಸ್ಟೋರಿನ್ಯಾಗ ಕಬ್ಬಿಣ 0.15 ಇರೂ ಎಲ್‌ಎಂ25 ಇಂಗಟ್ ಅದಾವು. 60 ಕೆಜಿ ತೆಗೆದು 60 ಕೆಜಿ ಅದನ್ನ ಹಾಕಿದ್ರ 0.40ಕ್ಕ ಬರತೈತಿ.

ಭಟ್ಟಿಯವರು: ಅದರ ರೇಟ್ ಮಾಲಕರಿಗೆ ಸೇರಲ್ಲ.

ಲ್ಯಾಬಿನಾಕೆ: ಸೋರಿದ ಪೀಸಿನ ಲೆಕ್ಕ ಮುಂದಿಟ್ರ?

ಭಟ್ಟಿಯವರು: ಲೆಕ್ಕ ದಿನಾ ನೋಡ್ತಾರ, ಲೆಕ್ಕಕ್ಕ ಬಗ್ಗಲ್ಲ. ನೀ ಆ ಫೋಟೋ ಪ್ರಿಂಟ್ ತೆಗಿ, ಎರಡೂ ಬಾಜೂಕ ಬಾಜೂಕ: 0.40 ಇದ್ದಾಗಿನ ಪೀಸು, ಈಗಿನ 0.48ರ ಪೀಸು. ಕಪ್ಪು ತೂತಿಗೆ ಕೆಂಪು ಪೆನ್ನಿಂದ ಗೋಲ್ ಹಾಕು. ನಾನೇ ಒಯ್ದು ಕೊಡ್ತೀನಿ. ಅಷ್ಟರಾಗ ಹುಡುಗರಿಗೆ ಹೇಳಿ ಲ್ಯಾಡಲ್‌ಗೆ ಕೋಟಿಂಗ್ ಹಚ್ಚಸ್ತೀನಿ, ಬುಶ್ ಇದ್ದ ಪೀಸೆಲ್ಲ ಬ್ಯಾರೆ ಡಬ್ಬ್ಯಾಗ ಹಾಕಸ್ತೀನಿ. ನೀ ಸಂಜಿ ಮುಂದ ಇನ್ನೊಂದು ಸ್ಯಾಂಪಲ್ ತಗೋ.

ಲ್ಯಾಬಿನಾಕೆ: ಎರಡು ತಗೋತೀನಿ ಕಾಕಾ. ಪಾಳಿ ಸುರು ಆದಾಗ ಒಂದು, ಮುಗಿಯೂ ಮುಂದ ಒಂದು. ಲ್ಯಾಡಲ್ ಎಷ್ಟು ಕರಗಾಕತ್ತೈತಿ ಅನ್ನೂದು ಅದರಾಗ ಕಾಣತೈತಿ.